ಒಳಗೇ ಇದ್ದೆವು

ಆಕೆಯನ್ನು ಎಲ್ಲರೂ ಕಾಜಕ್ಕ ಎನ್ನುತ್ತಾರೆ. ಒಂದು ಅಂಗಿಯ ಏಳು ಕಾಜಾಗಳನ್ನು, ಅಂದರೆ ಗುಂಡಿ ತೂರಿಸುವ ಸೀಳುಗಳನ್ನು, ಕಣ್ಣುಮುಚ್ಚಿ ಹೊಲಿಯಬಲ್ಲಳು. ಆ ಕೈಚಳಕ ಕಲಿತದ್ದು ಬೀಗ ಹಾಕಿದ ಕಾರ್ಖಾನೆಯೊಂದರಲ್ಲಿ. ಅಂಗಡಿ ಕೆಲಸ ಕೊಡಿಸುತ್ತೇನೆಂದು ನಂಬಿಸಿ ಕರೆತಂದವನು ಅವಳನ್ನು ಅಲ್ಲಿ ಮಾರಿಹೋಗಿದ್ದ. ಆರು ವರ್ಷ. ಎರಡು ತಿಂಗಳ ಹಿಂದೆ ಪೊಲೀಸರು ಬಾಗಿಲು ಒಡೆದಾಗ ಅವಳ ಜೊತೆ ಇನ್ನೂ ಮೂವರು ಹೊರಬಂದರು: ಎಲ್ಲರಿಗಿಂತ ಹಿರಿಯಳಾದ ದೊಡ್ಡಮ್ಮ, ಬಟ್ಟೆ ಕತ್ತರಿಸುತ್ತಿದ್ದ, ನಾಲಿಗೆಯೂ ಅಷ್ಟೇ ಹರಿತವಾಗಿರುವುದರಿಂದ ಕತ್ತರಿ ಎಂದೇ ಹೆಸರಾದವಳು, ಹತ್ತೊಂಬತ್ತರ ಚಿಕ್ಕವಳು.

ಈಗ ನಾಲ್ವರೂ ಇಸ್ತ್ರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದಾರೆ. ನೆರವಿನ ಸಂಸ್ಥೆ ಕೊಟ್ಟಿದ್ದ ಅಕ್ಕಿ ಡಬ್ಬದ ತಳ ಕಂಡಿತ್ತು. ಇವರಂಥವರಿಗೆ ಕಾಗದಪತ್ರ ಇಲ್ಲದಿದ್ದರೂ ಪಡಿತರ ಚೀಟಿ ಸಿಗುತ್ತದೆ. ಆದರೆ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಮನೆಗೆ ಬಂದು ಕಣ್ಣಾರೆ ನೋಡಿ ಬರೆದುಕೊಳ್ಳಬೇಕು. ಆತ ಬರುವುದು ಗುರುವಾರ. ತಪ್ಪಿದರೆ ಮೂರು ತಿಂಗಳು ಕಾಯಬೇಕು. ಬುಧವಾರವೇ ನೆಲ ಎರಡು ಸಲ ಒರೆಸಿಯಾಗಿತ್ತು.

ಗುರುವಾರ ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಬಾಗಿಲು ದಬದಬ ಎಂದಿತು.

"ಇನ್‌ಸ್ಪೆಕ್ಟರು! ಬಾಗಿಲು ತೆಗೀರಿ!"

ಅಷ್ಟೇ ಸಾಕಾಯಿತು. ಒಲೆ ಆರಿತು. ಚಿಕ್ಕವಳು ಮಂಚದಡಿಗೆ, ಕತ್ತರಿ ಬಚ್ಚಲಿಗೆ, ದೊಡ್ಡಮ್ಮ ಪರದೆಯ ಹಿಂದಕ್ಕೆ, ಕಾಜಕ್ಕ ಅಟ್ಟಕ್ಕೆ. ಕಾರ್ಖಾನೆಗೆ ತನಿಖೆಯವರು ಬಂದಾಗಲೆಲ್ಲ ಮಾಲೀಕ ಮಾಡಿಸುತ್ತಿದ್ದ ಅಭ್ಯಾಸ ಅದು. ಹತ್ತು ಎಣಿಸುವುದರೊಳಗೆ ಕೋಣೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

ಆತ ಮೂರು ಸಲ ಬಡಿದ. "ಯಾರೂ ವಾಸವಿಲ್ಲ" ಎಂದು ಗೊಣಗುತ್ತ ಬರೆದುಕೊಂಡ. ಬೂಟುಗಳು ಇಳಿದುಹೋದವು.

ಮಂಡಿಗೆ ಗಲ್ಲ ಒತ್ತಿ ಕೂತಿದ್ದ ಕಾಜಕ್ಕನಿಗೆ ಆಗ ಹೊಳೆಯಿತು. "ಅಯ್ಯೋ, ಇವರನ್ನ ಕರೆಸಿದ್ದೇ ನಾವಲ್ವಾ!"

ಅಟ್ಟದಿಂದ ಧುಮುಕಿದಳು. ಬರಿಗಾಲಲ್ಲೇ ಬೀದಿಗೆ ಓಡಿದಳು. ಇಸ್ತ್ರಿಯವನು ಕೈಯಲ್ಲಿದ್ದ ಅಂಗಿಯನ್ನೇ ಬೀಸಿ ಬಸ್‌ಸ್ಟಾಪಿನ ದಾರಿ ತೋರಿಸಿದ. ಬಸ್ಸು ಬಂದು ನಿಂತಿತ್ತು, ಇನ್‌ಸ್ಪೆಕ್ಟರನ ಒಂದು ಕಾಲು ಆಗಲೇ ಮೇಲಿತ್ತು. ಕಾಜಕ್ಕ ಆತನ ಬ್ಯಾಗಿನ ಪಟ್ಟಿ ಹಿಡಿದುಬಿಟ್ಟಳು.

"ಸಾರ್! ನಾವು ಒಳಗೇ ಇದ್ವಿ!"

"ಬ್ಯಾಗು ಬಿಡಮ್ಮಾ! ಒಳಗಿದ್ರೆ ಬಾಗಿಲು ತೆಗೆಯೋಕೆ ಏನಾಗಿತ್ತು?"

"ಬಚ್ಚಿಟ್ಕೊಂಡಿದ್ವಿ."

"ನನ್ನ ನೋಡಿದ್ರೆ ಅಷ್ಟು ಭಯ ಆಗುತ್ತಾ?"

"ನಿಮ್ಮ ಮುಖ ಎಲ್ಲಿ ನೋಡಿದ್ವಿ ಸಾರ್? ಇನ್‌ಸ್ಪೆಕ್ಟರು ಅಂದ್ರೆ ಸಾಕು, ಕಾಲು ತಾನಾಗೇ ಓಡುತ್ತೆ. ಅಲ್ಲಿ ನಾವು ಯಾರ ಕಣ್ಣಿಗಾದ್ರೂ ಬಿದ್ರೆ ಎರಡು ದಿನ ಊಟ ಇರ್ತಿರಲಿಲ್ಲ."

ಬಸ್ಸು ಹೊರಟಿತು. ಆತ ಹತ್ತಲಿಲ್ಲ.

"ಬರೆದಾಯ್ತಲ್ಲಮ್ಮ. ಹೊಡೆದುಹಾಕಿದ್ರೆ ಮೇಲಿನವರು ನನ್ನ ಕೇಳ್ತಾರೆ."

"ಕೇಳಲಿ ಸಾರ್. ನೀವು ಬಂದು ಎಣಿಸಿ."

ಇಬ್ಬರೂ ಮೇಲೆ ಬಂದರು. ಕೋಣೆ ಖಾಲಿ! ಮತ್ತೆ ಕೇಳಿದ ಬೂಟಿನ ಸದ್ದಿಗೆ ಉಳಿದ ಮೂವರು ಅಡಗಿದಲ್ಲಿಂದ ಕದಲಿರಲಿಲ್ಲ. ಇನ್‌ಸ್ಪೆಕ್ಟರ್ ಹುಬ್ಬೇರಿಸಿದ. ಕಾಜಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಬನ್ರೇ ಹೊರಗೆ! ಇವರು ಅಕ್ಕಿ ಕೊಡೋ ಇನ್‌ಸ್ಪೆಕ್ಟರು ಕಣ್ರೇ!"

ಪರದೆ ಅಲುಗಿತು. "ಅದನ್ನ ಮೊದಲೇ ಬೊಗಳೋಕಾಗ್ಲಿಲ್ವಾ? ಸೊಂಟ ಹಿಡಿದುಹೋಯ್ತು" ಎನ್ನುತ್ತ ದೊಡ್ಡಮ್ಮ ಬಂದಳು.

"ಮೊದಲು ಅಟ್ಟ ಹತ್ತಿದ್ದು ಯಾರು ಅಂತ ಕೇಳು ದೊಡ್ಡಮ್ಮ," ಬಚ್ಚಲಿನಿಂದ ಕತ್ತರಿ.

ಮಂಚದಡಿಯಿಂದ ಚಿಕ್ಕವಳ ಎರಡು ಕೈಗಳು ಬಂದವು, ಆಮೇಲೆ ಧೂಳು ಮೆತ್ತಿದ ತಲೆ.

ಆತ ಎಣಿಸಿದ. ಹಾಳೆಯನ್ನು ಗೋಡೆಗೆ ಒತ್ತಿ ಹಳೆಯ ಸಾಲಿನ ಮೇಲೆ ಗೀಟು ಎಳೆದು ಬರೆದ: ನಾಲ್ವರು ವಾಸವಿದ್ದಾರೆ, ಖುದ್ದಾಗಿ ನೋಡಿದ್ದೇನೆ.

"ಮನೆ ಯಜಮಾನರು ಯಾರು?"

ಮೂರು ಬೆರಳುಗಳು ಕಾಜಕ್ಕನತ್ತ ತಿರುಗಿದವು. ಕಾಜಾ ಹೊಲಿಯುವಷ್ಟೇ ಜತನದಿಂದ ಅವಳು ಸಹಿ ಮಾಡಿದಳು.

"ಸೋಮವಾರ ಹತ್ತಕ್ಕೆ ಪಡಿತರ ಅಂಗಡಿಗೆ ಬನ್ನಿ. ಚೀಲ ನೀವೇ ತರಬೇಕು, ನಾಲ್ಕು."

ಚೀಲ! ಮನೆಯಲ್ಲಿ ಒಂದೂ ಇಲ್ಲ. ನಾಲ್ವರೂ ಒಟ್ಟಿಗೇ ಮಾತಾಡತೊಡಗಿದರು. ಇಸ್ತ್ರಿಯವನನ್ನು ಕೇಳೋಣ ಎಂದಳು ದೊಡ್ಡಮ್ಮ, ಸೀರೆ ಹರಿಯೋಣ ಎಂದಳು ಕತ್ತರಿ. ಚಿಕ್ಕವಳಿಗೆ ಅಷ್ಟು ತಾಳ್ಮೆ ಎಲ್ಲಿಯದು, ದಿಂಬು ಎತ್ತಿಕೊಂಡು ಹೊಲಿಗೆ ಬಿಚ್ಚಿಯೇಬಿಟ್ಟಳು. ಹತ್ತಿ ಕೋಣೆಯ ತುಂಬ ಹಾರಿತು.

"ಇವತ್ತಲ್ಲಮ್ಮ, ಸೋಮವಾರ!" ಎಂದು ಬಾಗಿಲಲ್ಲಿ ಇನ್‌ಸ್ಪೆಕ್ಟರ್ ಕೂಗುತ್ತಲೇ ಇದ್ದ. ಅಷ್ಟರಲ್ಲಿ ಎರಡನೇ ದಿಂಬೂ ಬರಿದಾಗಿತ್ತು.