ಅರವತ್ತೆರಡು ಮಂದಿಯ ವೆಂಕಟಸುಬ್ಬಯ್ಯ

ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ವೆಂಕಟಸುಬ್ಬಯ್ಯ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ಯಂತ್ರದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಕಂಡರೂ ಕೆಂಪು ಬಣ್ಣ ಬಳಿದು ವಾಪಸ್ ಕಳಿಸುವುದು ಅವರ ಕೆಲಸ. ಮನೆಯಲ್ಲೂ ಅದೇ ಬುದ್ಧಿ. ಹೆಂಡತಿ ಸೀತಾಲಕ್ಷ್ಮಿ ಬಡಿಸಿದ ಚಪಾತಿಯನ್ನು ತಟ್ಟೆಯಲ್ಲಿ ಒಂದು ಸುತ್ತು ತಿರುಗಿಸಿ ನೋಡದೆ ತುತ್ತು ಮುರಿದವರಲ್ಲ.

ಇಂಥ ಮನುಷ್ಯನಿಗೆ ಸಂಗೀತದ ಹುಚ್ಚು. ಕಾರ್ಖಾನೆಯ ಕಲಾಸಂಘದ ವಾದ್ಯವೃಂದದಲ್ಲಿ ಪಿಟೀಲು ಅವರದೇ, ಯಜಮಾನಿಕೆಯೂ ಅವರದೇ. ಹೆಸರಿಗೆ ಹದಿನಾಲ್ಕು ಜನ. ಆದರೆ ಕೊಳಲಿನವನಿಗೆ ಎರಡನೇ ಶಿಫ್ಟು, ತಬಲದವನಿಗೆ ಓವರ್‌ಟೈಮು. ಅವರಿಬ್ಬರೂ ಸಿಕ್ಕ ದಿನ ಹಾರ್ಮೋನಿಯಂನವನ ಭಾವಮೈದುನನ ಗೃಹಪ್ರವೇಶ. ಅಷ್ಟು ವರ್ಷದಲ್ಲಿ ಹದಿನಾಲ್ಕೂ ಜನ ಒಟ್ಟಿಗೆ ಕೂತದ್ದು ಒಂದೇ ಸಲ, ಅದೂ ಗ್ರೂಪ್ ಫೋಟೋ ತೆಗೆಸಲಿಕ್ಕೆ.

ಎರಡು ಸಾವಿರದ ಎಂಟರಲ್ಲಿ ನಿವೃತ್ತರಾದ ಮೇಲೆ ಎಸ್‌.ಪಿ. ರೋಡಿಗೆ ಹೋಗಿ ಒಂದು ಕಂಪ್ಯೂಟರು, ಅದಕ್ಕೆ ಜೋಡಿಸುವ, ಹಾರ್ಮೋನಿಯಂನಂಥ ಮನೆಗಳಿದ್ದ ಪುಟ್ಟ ಮಿಡಿ ಕೀಬೋರ್ಡು, ಜೊತೆಗೆ ಹನ್ನೊಂದು ಡಿವಿಡಿಗಳ ಪೆಟ್ಟಿಗೆ ತಂದರು.

"ಲೈಬ್ರರಿ ತಂದಿದೀನಿ," ಎಂದರು.

"ಪುಸ್ತಕ ಎಲ್ರೀ?" ಎಂದರು ಸೀತಾಲಕ್ಷ್ಮಿ.

ಅದು ಸ್ವರಗಳ ಲೈಬ್ರರಿ. ಯಾವುದೋ ದೇಶದ ಸಭಾಂಗಣದಲ್ಲಿ ಒಬ್ಬೊಬ್ಬ ವಾದಕನನ್ನೂ ಕೂರಿಸಿ, ಒಂದೊಂದೇ ಸ್ವರ ನುಡಿಸಲು ಹೇಳಿ, ಅಷ್ಟನ್ನೂ ಡಿಸ್ಕಿಗೆ ತುಂಬಿದ್ದರು. ಕೀಬೋರ್ಡಿನ ಮನೆ ಒತ್ತಿದರೆ ಬೇಕಾದ ವಾದ್ಯ ನುಡಿಯುತ್ತಿತ್ತು. ಪಿಟೀಲು, ಚೆಲ್ಲೋ, ಕೊಳಲು, ತುತ್ತೂರಿ ಎಲ್ಲ ಸೇರಿ ಅರವತ್ತೆರಡು ಮಂದಿ. ಒಬ್ಬನಿಗೂ ಶಿಫ್ಟಿಲ್ಲ, ಒಬ್ಬನಿಗೂ ಭಾವಮೈದುನನಿಲ್ಲ. ವೆಂಕಟಸುಬ್ಬಯ್ಯನವರಿಗೆ ಸ್ವರ್ಗ ಮೂರೇ ಗೇಣು.

ನಾಲ್ಕು ತಿಂಗಳು ಕೂತು ಕಲ್ಯಾಣಿ ರಾಗದಲ್ಲಿ ಒಂಬತ್ತು ನಿಮಿಷದ ಕೃತಿ ಕಟ್ಟಿದರು. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ಆಚೀಚೆ ಸರಿದ ಸ್ವರಗಳೆಲ್ಲ ತಾಳದ ಗೆರೆಗೆ ಬಂದು ನಿಲ್ಲುತ್ತಿದ್ದವು. ಅವರು ಅದನ್ನು ಒತ್ತಿದ್ದೇ ಒತ್ತಿದ್ದು. ಕೊನೆಗೆ ಹೆಂಡತಿಯನ್ನು ಕರೆದು ಕೇಳಿಸಿದರು. ಆಕೆ ಅವರೆಕಾಯಿ ಸುಲಿಯುತ್ತಲೇ ಒಂಬತ್ತು ನಿಮಿಷವೂ ಕೇಳಿದರು.

"ಚೆನ್ನಾಗಿದೆ. ಆದ್ರೆ ಇವರು ಯಾರೂ ಉಸಿರು ಬಿಡ್ತಿಲ್ವಲ್ರೀ."

"ಏನೇ ಹಾಗಂದ್ರೆ?"

"ಅರವತ್ತು ಜನ ಒಂದೇ ಏಟಿಗೆ ಬಂದು ಬೀಳ್ತಾರೆ. ಮನುಷ್ಯರು ಹಾಗೆ ಬರ್ತಾರಾ?"

ಜೀವಮಾನವೆಲ್ಲ ಬೇರೆಯವರ ಮಾಲು ವಾಪಸ್ ಕಳಿಸಿದವರಿಗೆ ತಮ್ಮ ಮಾಲೇ ವಾಪಸ್ ಬಂದಿತ್ತು. ಎರಡು ದಿನ ಕಂಪ್ಯೂಟರಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹಳೆಯ ವಾದ್ಯವೃಂದದ ಕ್ಯಾಸೆಟ್ ಹಾಕಿ ಕೇಳಿದರು. ಅದರಲ್ಲಿ ಅವತ್ತು ಸಿಕ್ಕವರೆಲ್ಲ ಒಬ್ಬರ ಹಿಂದೊಬ್ಬರು ಬರುತ್ತಿದ್ದರು, ಆದರೂ ಏನೋ ಜೀವವಿತ್ತು. ನಿಟ್ಟುಸಿರು ಬಿಟ್ಟು ತಪ್ಪು ಮಾಡುವುದಕ್ಕೆ ಕೂತರು.

ಅದು ಸುಲಭವಾಗಿರಲಿಲ್ಲ. ಎಷ್ಟು ತಪ್ಪು ಮಾಡಬೇಕೆಂಬುದಕ್ಕೂ ಅವರಿಗೆ ಲೆಕ್ಕ ಬೇಕು. ಆಗ ಹೊಳೆದದ್ದು ಕಾರ್ಖಾನೆಯ ಗೇಟು. ಯಾರು ಎಷ್ಟು ತಡವಾಗಿ ಬರುತ್ತಿದ್ದರೆಂಬುದು ಅವರಿಗೆ ಬಾಯಿಪಾಠ. ಮಿಲ್ಲಿಂಗ್ ಮಶಿನ್ನಿನ ಗದಿಗೆಪ್ಪ ಸೈರನ್ ಮುಗಿಯುವ ಹೊತ್ತಿಗೆ ಓಡಿಬರುತ್ತಿದ್ದ. ಏಳನೆಯ ಪಿಟೀಲನ್ನು ಅವನ ಹಾಗೆ ಒಂದು ಎಳೆ ಹಿಂದಕ್ಕೆ ತಳ್ಳಿದರು. ಊಟದ ನಂತರ ತೂಕಡಿಸುತ್ತಿದ್ದ ಸ್ಟೋರಿನವರ ಲೆಕ್ಕದಲ್ಲಿ ಚೆಲ್ಲೋಗಳನ್ನು ಸಡಿಲ ಮಾಡಿದರು. ಮೂರು ವಾರ ಕಳೆದು ಸೀತಾಲಕ್ಷ್ಮಿ ಮತ್ತೆ ಕೇಳಿ, "ಈಗ ಜನ ಬಂದ್ರು," ಎಂದು ಒಳಗೆ ಹೋದರು. ವೆಂಕಟಸುಬ್ಬಯ್ಯನವರಿಗೆ ಅಷ್ಟು ಸಾಕಾಯಿತು.

ಈ ಕೃತಿ ತುಂಬಿದ ಒಂದು ಸೀಡಿ ಕಾರ್ಖಾನೆಯ ನಿವೃತ್ತರ ಸಂಘದ ಕಾರ್ಯದರ್ಶಿ ಅನುಸೂಯಮ್ಮನವರ ಕೈಸೇರಿತು. ಕಾರ್ಖಾನೆಯ ಕ್ಷೇಮಾಭಿವೃದ್ಧಿ ವಿಭಾಗದಲ್ಲಿದ್ದ ಹೆಂಗಸು. ಊಟ ತಿಂಡಿ ವ್ಯವಸ್ಥೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೂಡಲೇ ಫೋನ್ ಮಾಡಿದರು.

"ವೆಂಕಟಸುಬ್ಬಯ್ಯನವರೇ, ವಾರ್ಷಿಕೋತ್ಸವಕ್ಕೆ ಇದೇ ಇರಲಿ. ಒಟ್ಟು ಎಷ್ಟು ಜನ?"

"ಅರವತ್ತೆರಡು," ಎಂದರು ಇವರು ಹೆಮ್ಮೆಯಿಂದ.

"ಎಲ್ಲಿ ಪ್ರಾಕ್ಟೀಸ್ ಮಾಡಿಸ್ತೀರಿ?"

"ನಮ್ಮನೆ ಹಾಲ್‌ನಲ್ಲೇ."

"ಪಾಪ, ಸೀತಾಲಕ್ಷ್ಮಿ. ಎಲ್ಲರೂ ಟೈಮಿಗೆ ಸರಿಯಾಗಿ ಬರ್ತಾರೆ ತಾನೆ?"

"ಕೆಲವರು ಸ್ವಲ್ಪ ಹಿಂದೆ ಬೀಳ್ತಾರೆ. ಅದು ನಾನೇ ಹೇಳಿ ಮಾಡಿಸಿರೋದು."

ಕಲಾವಿದರ ಮಾತೇ ಹೀಗೆ ಅಂದುಕೊಂಡು ಅನುಸೂಯಮ್ಮ ಫೋನ್ ಇಟ್ಟರು.

ವಾರ್ಷಿಕೋತ್ಸವದ ಭಾನುವಾರ ಬೆಳಿಗ್ಗೆ ಸಮುದಾಯ ಭವನದ ಮುಂದೆ ಆಟೋ ನಿಂತಿತು. ವೆಂಕಟಸುಬ್ಬಯ್ಯ ಮಡಿಲಲ್ಲಿ ಸಿಪಿಯು ಇಟ್ಟುಕೊಂಡಿದ್ದರು. ಸೀತಾಲಕ್ಷ್ಮಿಯ ತೊಡೆಯ ಮೇಲೆ ದುಪ್ಪಟಿ ಸುತ್ತಿದ ಮಾನಿಟರು.

ಅನುಸೂಯಮ್ಮ ಆಟೋದ ಹಿಂದೆ ಇಣುಕಿ ನೋಡಿದರು. "ಮಿಕ್ಕೋರು?"

"ಇದರಲ್ಲೇ ಇದ್ದಾರೆ," ಎಂದು ಇವರು ಸಿಪಿಯು ತಟ್ಟಿದರು.

ವೇದಿಕೆಯ ಮೇಲೆ ಅರವತ್ತೆರಡು ಕುರ್ಚಿಗಳು ಸಾಲಾಗಿ ನಿಂತಿದ್ದವು. ಹಿಂದೆ ಅಡುಗೆಯವರು ಅರವತ್ತೆರಡು ಜನಕ್ಕೆ ಹೆಚ್ಚುವರಿ ಬಿಸಿಬೇಳೆಬಾತ್ ಕಲೆಸುತ್ತಿದ್ದರು. ಅನುಸೂಯಮ್ಮ ಮೂಗಿನ ಮೇಲಿನ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

ಅಷ್ಟೊಂದು ಕುರ್ಚಿ ವೇದಿಕೆ ಹತ್ತಿದ್ದರಿಂದ ಸಭೆಯಲ್ಲಿ ಅರ್ಧ ಜನ ನಿಂತಿದ್ದರು. ಕಾರ್ಯಕ್ರಮ ಶುರುವಾಗಿ ಎರಡು ನಿಮಿಷವೂ ಆಗಿರಲಿಲ್ಲ, ಗದಿಗೆಪ್ಪ ಮೆಟ್ಟಿಲು ಹತ್ತಿದ. "ಮೊಣಕಾಲು ಸೋತಾವ್ರೀ ಸಾಹೇಬ್ರ. ಕುರ್ಚಿ ಖಾಲಿ ಅದಾವಲ್ಲ," ಎಂದು ಮುಂದಿನ ಸಾಲಿನಲ್ಲೇ ಕೂತ. ಅವನ ಹಿಂದೆ ಒಬ್ಬೊಬ್ಬರಾಗಿ ಬಂದು ಅರವತ್ತೆರಡೂ ಭರ್ತಿಯಾದವು. ಎದುರಿಗೆ ಜನ ನೋಡುತ್ತಿದ್ದುದರಿಂದ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಗಂಭೀರವಾಗಿ ಕೂತರು.

ತಡವಾಗಿ ಬಂದ ಮುಖ್ಯ ಅತಿಥಿಗಳು, ಹಳೆಯ ಜನರಲ್ ಮ್ಯಾನೇಜರು, ಬಾಗಿಲಲ್ಲೇ ನಿಂತುಬಿಟ್ಟರು. ಪಿಟೀಲುಗಳು ಮೊಳಗುತ್ತಿವೆ, ವೇದಿಕೆ ತುಂಬ ವಾದಕರು, ಯಾರ ಕೈಯಲ್ಲೂ ಏನೂ ಇಲ್ಲ. ಮುಗಿದ ಮೇಲೆ ವೇದಿಕೆಗೆ ಬಂದು ಎಲ್ಲರ ಕೈ ಕುಲುಕಿದರು.

"ತುಂಬ ಚೆನ್ನಾಗಿತ್ತು. ನಿಮ್ಮದು ಯಾವುದು?" ಎಂದು ಗದಿಗೆಪ್ಪನನ್ನು ಕೇಳಿದರು.

"ಮಿಲ್ಲಿಂಗ್ ಮಶಿನ್ರೀ," ಎಂದ ಗದಿಗೆಪ್ಪ.

ಊಟದಲ್ಲಿ ಒಂದು ಅಗುಳೂ ಉಳಿಯಲಿಲ್ಲ. ವೆಂಕಟಸುಬ್ಬಯ್ಯನವರಿಗೆ ಹಾಕಿದ ಶಾಲನ್ನು ಅವರು ಸಿಪಿಯುಗೆ ಹೊದಿಸಿಕೊಂಡು ಮನೆಗೆ ತಂದರು.

ಇದೆಲ್ಲ ಆದ ಮೇಲೆ ಅವರಿಗೆ ಇನ್ನೊಂದು ಆಸೆ ಹುಟ್ಟಿತು. ಸೀತಾಲಕ್ಷ್ಮಿ ಅಡುಗೆಮನೆಯಲ್ಲಿ ಹೇಳಿಕೊಳ್ಳುವ ದೇವರನಾಮಕ್ಕೆ ಅರವತ್ತೆರಡು ಮಂದಿಯ ಪಕ್ಕವಾದ್ಯ. ಆಕೆ ಒಪ್ಪಿ ಮೈಕಿನ ಮುಂದೆ ಕೂತರು. ಮನಸ್ಸು ತುಂಬಿದ ಕಡೆ ಒಂದು ಗಳಿಗೆ ನಿಂತು ಮುಂದೆ ಹೋಗುವುದು ಅವರ ರೂಢಿ. ಕಂಪ್ಯೂಟರು ನಿಲ್ಲಲಿಲ್ಲ. ಇವರು ಎಂಟು ದಿನ ಕೂತು, ಆಕೆ ನಿಲ್ಲುವಲ್ಲೆಲ್ಲ ಅಷ್ಟೂ ಜನ ಕಾಯುವಂತೆ ತಾಳ ತಿದ್ದಿದರು. ಒಂಬತ್ತನೆಯ ದಿನ ಆಕೆ ಬೇರೆಯೇ ಕಡೆ ನಿಂತರು.

"ಮೊನ್ನೆ 'ಕರುಣಾನಿಧಿ' ಹತ್ರ ನಿಂತಿದ್ದೆಯಲ್ಲೇ?"

"ಮೊನ್ನೆ ಅಲ್ಲಿ ನಿಲ್ಲಬೇಕು ಅನ್ನಿಸ್ತು. ಇವತ್ತು ಅನ್ನಿಸಲಿಲ್ಲ."

ವೆಂಕಟಸುಬ್ಬಯ್ಯ ಕನ್ನಡಕ ಸರಿಮಾಡಿಕೊಂಡು ಮೊದಲನೆಯ ಪಿಟೀಲಿನಿಂದ ಮತ್ತೆ ಶುರುಮಾಡಿದರು.