ಟೆಂಪೊದ ತಗಡಿಗೆ ನಾಲ್ಕು ಬಡಿತ

ಹೊಸ ಟರ್ಪಾಲಿನ ಕಟ್ಟು ಬಿಚ್ಚಿದಾಗ ಏಳುವ ವಾಸನೆ ನಿಮಗೆ ಗೊತ್ತಿದ್ದರೆ ನಾನು ಹೇಳಹೊರಟಿದ್ದರಲ್ಲಿ ಅರ್ಧ ನಿಮಗೆ ಆಗಲೇ ಗೊತ್ತು. ಮೇಣ, ಸೀಮೆಎಣ್ಣೆ, ಬಿಸಿಲಿಗೆ ಕಾದ ಹತ್ತಿ, ಮೂರೂ ಸೇರಿ ಗಂಟಲಿನ ಹಿಂದೆ ಹೋಗಿ ಕೂರುವ ವಾಸನೆ ಅದು. ಇಲ್ಲಿ ಕೊಲ್ಲಿ ದೇಶದಲ್ಲಿ, ಅಲ್ ಅಜೈಬಾದ ನನ್ನ ಪರದೆ ಅಂಗಡಿಯಲ್ಲಿ ಕಳೆದ ತಿಂಗಳು ಒಬ್ಬ ಗಿರಾಕಿ ತನ್ನ ಖರ್ಜೂರದ ತೋಟಕ್ಕೆಂದು ಹಳೆಯ ಮಾದರಿಯ ಮೇಣದ ಟರ್ಪಾಲು ತರಿಸಿದ್ದ. ಕಟ್ಟಿನ ಹಗ್ಗಕ್ಕೆ ಕತ್ತರಿ ಹಾಕಿದ್ದೇ ತಡ, ನಾನು ಅಳತೆಯ ಟೇಪು ಕೈಯಲ್ಲಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎದುರಿಗೆ ಮಗಳು ಸಫಾ ಲ್ಯಾಪ್‌ಟಾಪ್ ತೆರೆದು, ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಮೇ ತಿಂಗಳಲ್ಲಿ ಹನ್ನೆರಡು ದಿನ ನಾವು ಸುತ್ತಬೇಕೆಂದಿದ್ದ ಮೋಟಾರ್‌ಹೋಮಿನ ಚಿತ್ರ ತೋರಿಸುತ್ತಿದ್ದಳು. ಒಲೆ, ಸಿಂಕು, ಹಾಸಿಗೆ ಎಲ್ಲ ಒಳಗೇ ಇರುವ ವ್ಯಾನು. "ಉಮ್ಮಾ, ಆರ್ ಯೂ ಲಿಸನಿಂಗ್?" ಅಂದಳು. ನಾನು ಕೇಳಿಸಿಕೊಳ್ಳುತ್ತಲೇ ಇದ್ದೆ, ಆದರೆ ನನಗೆ ಕೇಳುತ್ತಿದ್ದದ್ದು ಬೇರೊಂದು ಗಾಡಿಯ ಸದ್ದು.

ನಮ್ಮ ಉಪ್ಪ, ಅಂದರೆ ಅಪ್ಪ, ಟರ್ಪಾಲು, ಚಾಪೆ ಮಾರುತ್ತಿದ್ದರು. ಬೇಸಿಗೆ ರಜೆ ಶುರುವಾದ ಕೂಡಲೇ ಉಳ್ಳಾಲದ ಬಾಡಿಗೆ ಕೋಣೆ ಬಿಟ್ಟುಕೊಟ್ಟು, ಪಾತ್ರೆ ಹಾಸಿಗೆ ಸಮೇತ ನಮ್ಮನ್ನೆಲ್ಲ ಮುಚ್ಚಿದ ಟೆಂಪೊದ ಹಿಂದೆ ತುಂಬಿಕೊಂಡು, ಮಳೆಗೆ ಮುಂಚೆ ಮನೆಯ ಮಾಡು ಮುಚ್ಚುವವರನ್ನು ಹುಡುಕುತ್ತ ಬೆಳ್ತಂಗಡಿ, ಉಪ್ಪಿನಂಗಡಿ, ಸುಳ್ಯ ಎಂದು ಸಂತೆಯಿಂದ ಸಂತೆಗೆ ಹೊರಡುತ್ತಿದ್ದರು. ಎರಡು ತಿಂಗಳು ಆ ಟೆಂಪೊವೇ ಮನೆ. ಟರ್ಪಾಲಿನ ಕಟ್ಟುಗಳ ನೆತ್ತಿಯ ಮೇಲೆ, ಕೈಯೆತ್ತಿದರೆ ತಗಡು ಮುಟ್ಟುವಷ್ಟು ಎತ್ತರದಲ್ಲಿ, ಅಕ್ಕ ಜೈನಬಳ ಹಾಸಿಗೆ. ಕಟ್ಟುಗಳ ನಡುವಿನ ಸಂದಿಯಲ್ಲಿ ಅಣ್ಣ ಹಂಝ. ಹಿಂಬಾಗಿಲ ಹತ್ತಿರ, ಸೀಮೆಎಣ್ಣೆ ಸ್ಟವ್ವಿನ ಪಕ್ಕ, ಉಮ್ಮನ ಮಗ್ಗುಲಿಗೆ ನಾನು. ಉಪ್ಪ ಮುಂದಿನ ಸೀಟಿನಲ್ಲಿ, ಕಾಲು ಕಿಟಕಿಯಿಂದ ಹೊರಗೆ ಚಾಚಿ. ವ್ಯಾಪಾರ ಆದ ಹಾಗೆ ಕಟ್ಟುಗಳು ಕರಗಿ ಅಕ್ಕನ ಹಾಸಿಗೆ ಇಳಿಯುತ್ತ ಬರುತ್ತಿತ್ತು. ಮೇ ಮುಗಿಯುವಾಗ ಅವಳು ನಮ್ಮ ಸಮಕ್ಕೆ ಬಂದು ಮಲಗಿದರೆ ಆ ವರ್ಷ ಒಳ್ಳೆಯ ವರ್ಷ ಎಂದು ಉಮ್ಮ ಲೆಕ್ಕ ಹಾಕುತ್ತಿದ್ದರು. ಒಂದು ವರ್ಷ ಅಕ್ಕ ಕೊನೆಯವರೆಗೂ ಮೇಲೆಯೇ ಉಳಿದಳು. ಆ ಜೂನಿನಲ್ಲಿ ನಮಗೆ ಹೊಸ ಪುಸ್ತಕ ಬರಲಿಲ್ಲ.

ನಿಲ್ಲುವುದಕ್ಕೆ ಉಪ್ಪನದೊಂದು ಕ್ರಮವಿತ್ತು. ಯಾರದೇ ಅಂಗಳದಲ್ಲಿ ಗಾಡಿ ನಿಲ್ಲಿಸುವ ಮುಂಚೆ ಅವರಿಂದ ಏನಾದರೂ ಕೊಳ್ಳಬೇಕು, ಒಂದು ಬಸಳೆ ಕಟ್ಟು, ನಾಲ್ಕು ಮೊಟ್ಟೆ. ಆಮೇಲೆ ನೀರು ಕೇಳಬೇಕು, ಆಮೇಲೆ ಜಾಗ. "ನೀರು ಕೊಡುವವರ ಹತ್ತಿರ ಚೌಕಾಶಿ ಇಲ್ಲ," ಎನ್ನುತ್ತಿದ್ದರು. ಮಿಕ್ಕ ಎಲ್ಲೆಡೆ ಅವರು ಕಾಸು ಕಾಸಿಗೆ ಗುದ್ದಾಡುವವರೇ. ಆ ಗುದ್ದಾಟವನ್ನು ನಾನು ಚೆನ್ನಾಗಿ ಕಲಿತೆ. ಇಲ್ಲಿನ ಮತ್ರಾ ಪೇಟೆಯ ಓಣಿಗಳಲ್ಲಿ ಬಟ್ಟೆಯ ಹಳೇ ವ್ಯಾಪಾರಿಗಳು ನನ್ನನ್ನು ಕಂಡರೆ ಮೊದಲೇ ಚಹಾ ತರಿಸುತ್ತಾರೆ, ಹೊತ್ತು ಹಿಡಿಯುತ್ತದೆಂದು ಅವರಿಗೆ ಗೊತ್ತು. ಫ್ರಾನ್ಸಿನಲ್ಲಿಯೂ ಕೆಲವು ರೈತರು ತಮ್ಮ ಅಂಗಳದಲ್ಲಿ ಇಂಥ ಗಾಡಿಗಳನ್ನು ಒಂದು ರಾತ್ರಿ ಸುಮ್ಮನೆ ನಿಲ್ಲಿಸಲು ಬಿಡುತ್ತಾರಂತೆ. ನೀವೂ ಹೋಗುವವರಾದರೆ ನನ್ನ ಮಾತು ಕೇಳಿ: ಪುಕ್ಕಟೆ ಎಂದು ಹೇಳಿದರೂ ಜೇನೋ ಮೇಕೆಯ ಚೀಸೋ ಕೊಂಡೇ ಹೊರಡಿ. ದಿನಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ಓಡಿಸುವ ಯೋಜನೆ ಹಾಕಬೇಡಿ. ಮಧ್ಯಾಹ್ನ ಹಳ್ಳಿಯ ಅಂಗಡಿಗಳು ಮುಚ್ಚುತ್ತವೆ, ಬ್ರೆಡ್ಡು ಬೆಳಿಗ್ಗೆಯೇ ತಂದಿಡಿ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗಿನ ಎದುರು ಅಂಟಿಸಿ, ಹಳೇ ಊರಿನ ಕಮಾನುಗಳು ನಿಮ್ಮ ಮುಖ ನೋಡಿ ಎತ್ತರವಾಗುವುದಿಲ್ಲ. ವೀಸಾಕ್ಕೆ ಯಾವ ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಬರೆಯಬೇಕಾಗುತ್ತದೆ. ಎರಡು ತಿಂಗಳು ಎಲ್ಲೆಲ್ಲಿ ಮಲಗುತ್ತೇವೆಂದು ನಮ್ಮ ಉಪ್ಪನನ್ನು ಯಾರೂ ಕೇಳಿದ್ದಿಲ್ಲ.

ಒಂದು ಸಲ ಮಾತ್ರ ಆ ಗಾಡಿ ದೊಡ್ಡ ತಪ್ಪು ಮಾಡಿತು. ಉಪ್ಪಿನಂಗಡಿಯ ಹತ್ತಿರ ಒಂದು ಮನೆಯ ಅಂಗಳದಿಂದ ಬೆಳಿಗ್ಗೆ ಹೊರಟೆವು. ಮುಂದಿನ ಸೀಟಿಗೂ ಹಿಂಭಾಗಕ್ಕೂ ನಡುವೆ ತಗಡಿನ ಗೋಡೆ. ಅಕ್ಕ ಮುಂದೆ ಕೂತಿದ್ದಾಳೆಂದು ಉಮ್ಮ, ಹಿಂದೆ ಇದ್ದಾಳೆಂದು ಉಪ್ಪ. ಮುಂದಿನ ಸಂತೆಯಲ್ಲಿ ಬಾಗಿಲು ತೆಗೆದಾಗ ಅನ್ನದ ಪಾತ್ರೆ ಕಾಣಲಿಲ್ಲ, ಪಾತ್ರೆ ತೊಳೆಯಲು ಹೋಗಿದ್ದ ಅಕ್ಕನೂ ಕಾಣಲಿಲ್ಲ. ಹಿಂದೆ ತಿರುಗಿ ಹೋಗುವಷ್ಟು ಹೊತ್ತು ಉಮ್ಮನ ಉಗುರು ನನ್ನ ತೋಳಿನಲ್ಲಿ ನೆಟ್ಟಿತ್ತು. ಹತ್ತು ವರ್ಷದ ಅಕ್ಕ ಬಾವಿಕಟ್ಟೆಯ ಮೇಲೆ, ಫಳಫಳ ತೊಳೆದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಮನೆಯ ಹೆಂಗಸು ಕೊಟ್ಟ ಎಳನೀರನ್ನು ಮುಟ್ಟಿರಲಿಲ್ಲ. ಅತ್ತಿರಲೂ ಇಲ್ಲ. "ಬರ್ತೀರಿ ಅಂತ ಗೊತ್ತಿತ್ತು ಉಪ್ಪಾ. ಹೊರಡುವಾಗ ನನ್ನನ್ನು ಎಣಿಸ್ಲಿಲ್ವಾ?" ಎಂದಳು, ಅಷ್ಟೇ. ಉಪ್ಪ ತಲೆಯ ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. ಅವತ್ತಿನಿಂದ ಗಾಡಿ ಹೊರಡುವ ಮುಂಚೆ ಅವರು ಮುಂದಿನಿಂದ "ಆಯ್ತಾ?" ಎಂದು ಕೂಗಬೇಕು, ನಾವು ಹಿಂದಿನಿಂದ ವಯಸ್ಸಿನ ಕ್ರಮದಲ್ಲಿ ತಗಡಿಗೆ ಬಡಿಯಬೇಕು. ಉಮ್ಮ, ಅಕ್ಕ, ಹಂಝ, ನಾನು. ನಾಲ್ಕು ಬಡಿತ ಕೇಳದೆ ಎಂಜಿನ್ನು ಗುರ್ ಎನ್ನುತ್ತಿರಲಿಲ್ಲ.

ಅಕ್ಕ ಈಗ ಇದೇ ಊರಿನ ಅಲ್ ಗುಬ್ರಾದಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾಳೆ. ಎರಡೂ ಮೊಣಕಾಲು ಕೈಕೊಟ್ಟಿವೆ. ಆ ಟೆಂಪೊವನ್ನು ಬಲ್ಲವರು ಲೋಕದಲ್ಲಿ ಉಳಿದಿರುವುದು ನಾವಿಬ್ಬರೇ. ಅವಳಿಲ್ಲದೆ ಈ ಪ್ರವಾಸಕ್ಕೆ ಅರ್ಥವಿಲ್ಲವೆಂದು ಗೊತ್ತಿದ್ದೂ, ಗಾಡಿ ಗೊತ್ತು ಮಾಡುವಾಗ ನಾನು ಅವಳನ್ನು ಕೇಳಲಿಲ್ಲ. ಮೂರು ವಾರ ಮೇಲ್ ಬರೆದು ಬರೆದು ಅಲ್ಲಿನ ಮಾಲೀಕನನ್ನು ಸುಸ್ತು ಮಾಡಿ, ಅಗ್ಗದ್ದೊಂದನ್ನು ಇನ್ನೂ ಅಗ್ಗಕ್ಕೆ ಇಳಿಸಿದ್ದೆ. ಆ ಹುರುಪಿನಲ್ಲೇ ಚಿತ್ರ ಹಿಡಿದುಕೊಂಡು ಅವಳ ಮನೆಗೆ ಹೋದೆ.

"ಮಲಗುದು ಎಲ್ಲಿ?" ಕನ್ನಡಕ ಏರಿಸಿ ಕೇಳಿದಳು.

"ಡ್ರೈವರಿನ ತಲೆ ಮೇಲೆ ಒಂದು, ಹಿಂದೆ ಎತ್ತರದಲ್ಲಿ ಒಂದು. ಸಣ್ಣ ಏಣಿ ಉಂಟು, ನಾಲ್ಕೇ ಮೆಟ್ಟಿಲು."

"ಹಾಗಾದ್ರೆ ಖಲಾಸ್. ನೀವು ಹೋಗಿ ಬನ್ನಿ ಮಾರಾಯ್ತಿ."

"ಹನ್ನೆರಡು ದಿನ ಆಗದಿದ್ರೆ ಏಳು ದಿನಕ್ಕೆ ಬಾ. ಸಫಾ ಹಿಂದಿನಿಂದ ಎತ್ತಿ ಹಿಡೀತಾಳೆ."

"ಆಯ್ತು, ಏಳು ಮಾಡಿದ್ದಿ. ಇನ್ನು ಐದಕ್ಕೆ ಇಳೀತಿಯಾ?" ಅಕ್ಕ ನಕ್ಕಳು. "ನಾನೆಂತ ನಿನ್ನ ಪರದೆ ಬಟ್ಟೆಯಾ ಚೌಕಾಶಿ ಮಾಡ್ಲಿಕ್ಕೆ?"

ನಗುತ್ತಲೇ ಅವಳ ಕೈ ಮಡಿಲಿಗೆ ಹೋಯಿತು, ಅಲ್ಲಿ ಏನೋ ಇದೆ ಎನ್ನುವ ಹಾಗೆ ಎರಡೂ ಅಂಗೈ ಕೂಡಿಸಿ ಕೂತಳು. ಬಾವಿಕಟ್ಟೆಯ ಮೇಲೆ ಕೂತಿದ್ದದ್ದೂ ಹೀಗೆಯೇ. ನಾನು ಕೆಳಗಿಳಿದು ಕಾರಿನಲ್ಲಿ ಕೂತೆ, ಕೀಲಿ ತಿರುಗಿಸಲಿಲ್ಲ. ಮತ್ತೊಮ್ಮೆ ಎಣಿಸದೆ ಹೊರಡಲಿದ್ದೆ ನಾನು. ಅಲ್ಲಿಂದಲೇ ಆ ಮಾಲೀಕನಿಗೆ ಬರೆದೆ: ಕೆಳಗೇ ಮಲಗುವ, ದೊಡ್ಡ ಗಾಡಿ ಬೇಕು, ನೀನು ಹೇಳಿದ್ದೇ ರೇಟು. ಅವನಿಗೆ ಗಾಬರಿಯಾಗಿರಬೇಕು, ನಿಜವೇ ಎಂದು ಎರಡು ಸಲ ಕೇಳಿದ.

ಶುಕ್ರವಾರ ಅಂಗಡಿ ಮುಚ್ಚಿದ ಮೇಲೆ ಸಫಾಳೂ ನಾನೂ ನೆಲದ ಮೇಲೆ ದರ್ಜಿಯ ಸೀಮೆಸುಣ್ಣದಿಂದ ಆ ಗಾಡಿಯನ್ನು ಇದ್ದಷ್ಟೇ ಅಳತೆಯಲ್ಲಿ ಬರೆದೆವು. ಬಾಗಿಲು, ಒಲೆ, ಸಿಂಕು. ಹಾಸಿಗೆಯ ಜಾಗಕ್ಕೆ, ಅದು ಇರುವಷ್ಟೇ ಎತ್ತರಕ್ಕೆ, ಟರ್ಪಾಲಿನ ಎರಡು ಕಟ್ಟು ಹಾಕಿ ಮೇಲೆ ಫೋಮು ಹಾಸಿದೆವು. ಅಕ್ಕ ಬಂದಳು. ಸೀಮೆಸುಣ್ಣದ ಗೆರೆ ತುಳಿಯದೆ, ಸರಿಯಾಗಿ ಬಾಗಿಲಿನ ಜಾಗದಿಂದಲೇ ಒಳಗೆ ಬಂದು, ಕಟ್ಟಿನ ಮೇಲೆ ಕೂತು, ಅಂಗೈಯಿಂದ ಟರ್ಪಾಲು ಸವರಿ ಆ ಕೈಯನ್ನು ಮೂಗಿಗೆ ಹಿಡಿದಳು. ಕಾಲು ಎರಡೂ ನೆಲಕ್ಕೆ ಮುಟ್ಟಿದ್ದವು.

"ಈ ವರ್ಷ ಒಳ್ಳೆ ವ್ಯಾಪಾರ ಆಗಿದೆ ಮಾರಾಯ್ತಿ," ಎಂದಳು.

ಮುಂದಿನ ಕುರ್ಚಿಯಲ್ಲಿ ಕೂತು ಸ್ಟೇರಿಂಗು ಹಿಡಿದ ಹಾಗೆ ಕೈ ಚಾಚಿದ್ದ ಸಫಾ, ನಾನು ಹೇಳಿಕೊಟ್ಟಂತೆ, ತಿರುಗಿ ನೋಡದೆ ಕೂಗಿದಳು: "ಆಯ್ತಾ?"

ಪಕ್ಕದಲ್ಲಿ ಬಟ್ಟೆಯ ಸ್ಟೀಲ್ ಕಪಾಟು. ಅಕ್ಕ ಕೈ ಎತ್ತಿದಳು, ಆದರೆ ಕೂಡಲೇ ಬಡಿಯಲಿಲ್ಲ. ಉಮ್ಮನಿಗೆ ಬೇಕಾದಷ್ಟು ಹೊತ್ತು ಬಿಟ್ಟಳು. ಆಮೇಲೆ ಬಡಿದಳು. ಹಂಝನಿಗೆ ಬೇಕಾದಷ್ಟು ಹೊತ್ತು ನಾವಿಬ್ಬರೂ ಸುಮ್ಮನಿದ್ದೆವು. ಆಮೇಲೆ ನಾನು ಬಡಿದೆ.