ದನದ ಸಂತೆಯಲ್ಲಿ ರೊಟ್ಟಿಯ ಸಪ್ಪಳ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಬ್ಬಿಣದ ಕಂಬಿಗಳ ಹಿಂದೆ ನೂರಾರು ಹೋರಿಗಳು ಒಂದೇ ಸಮನೆ ಒದರುತ್ತಿವೆ. ದನ ತುಂಬಿದ ಎರಡಂತಸ್ತಿನ ಲಾರಿಗಳು ಹಿಮ್ಮುಖವಾಗಿ ಬಂದು ನಿಲ್ಲುತ್ತಿವೆ, ನಾಯಿಗಳು ಬೊಗಳುತ್ತಿವೆ. ಈ ಗದ್ದಲದೊಳಗಿಂದ ಇನ್ನೊಂದು ಸಪ್ಪಳ ಕೇಳುತ್ತಿದೆ: ಪಟ್ ಪಟ್ ಪಟ್, ಒಂದು ಗಳಿಗೆ ಮೌನ, ಮತ್ತೆ ಪಟ್ ಪಟ್ ಪಟ್. ಲಾರಿ ತೊಳೆಯುವ ಕಟ್ಟೆಯ ಪಕ್ಕದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಒಂದು ಹಳೆಯ ಬಿಳಿ ಕ್ಯಾರವಾನ್ ನಿಂತಿದೆ. ಅದರೊಳಗೆ ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಮಿಂಚುವ ಜಾಕೆಟ್ ತೊಟ್ಟು ನೀಲಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಜಾಕೆಟ್ ಇಲ್ಲದೆ ಯಾರೂ ಸಂತೆಯೊಳಗೆ ಕಾಲಿಡುವಂತಿಲ್ಲ, ಅದು ಇಲ್ಲಿನ ಕಾನೂನು. ಸೀರೆ ಬೇಡವೆಂದು ಯಾವ ಕಾನೂನೂ ಹೇಳಿಲ್ಲ.

ಇವತ್ತು ನೀಲಕ್ಕನ ಕೈ ಕೊಂಚ ಜೋರಾಗಿಯೇ ಬೀಳುತ್ತಿದೆ. ಇಂಥ ಗಾಡಿಗಳಿಗೆ ಬಾಡಿಗೆ ಜಾಗ ಕೊಡುವ ಈ ಊರಿನ ಕ್ಯಾರವಾನ್ ಪಾರ್ಕಿನ ಮ್ಯಾನೇಜರ್ ಬೆಳಿಗ್ಗೆ ಬಂದು ಮಾತಾಡುತ್ತೇನೆಂದು ಫೋನ್ ಮಾಡಿದ್ದಾನೆ. ಹೋದ ಚಳಿಗಾಲದಲ್ಲಿ ಇವರನ್ನು ಅಲ್ಲಿಂದ ಎಬ್ಬಿಸಿ ಕಳಿಸಿದವನೂ ಅವನೇ.

"ಬರ್ಲಿ ಬಿಡ್ರಿ. ಬಿಸಿ ರೊಟ್ಟಿ ಅದಾವ, ತಿಂದು ಹೋಗ್ತಾನ," ಎನ್ನುತ್ತಾರೆ ನೀಲಕ್ಕ. ಮಾತು ಮೆತ್ತಗಿದೆ, ಮುಖ ಮೆತ್ತಗಿಲ್ಲ.

ನೀಲಕ್ಕನಿಗೆ ಈಗ ಐವತ್ತೆಂಟು. ಹುಟ್ಟಿದ್ದು ಧಾರವಾಡದ ಬಳಿಯ ಹಳ್ಳಿಯಲ್ಲಿ, ಮನೆಯಿರುವುದು ಸಿಡ್ನಿಯ ಲಿವರ್‌ಪೂಲಿನಲ್ಲಿ. ಆದರೆ ವಾರದ ಬಹುಪಾಲು ದಿನ ಅವರ ವಿಳಾಸ ರಸ್ತೆ. ಸೋಮವಾರ ಲಿವರ್‌ಪೂಲಿನಿಂದ ಹೊರಡುವ ಗಾಡಿ ಗೋಲ್ಬರ್ನ್, ಯಾಸ್, ಗುಂಡಗೈ ದಾಟಿ, ಹೆದ್ದಾರಿ ಬಿಟ್ಟು ನೀಲಗಿರಿ ಮರಗಳ ಕುರುಚಲು ಕಾಡಿನ ನಡುವಿನ ಸಣ್ಣ ಸಣ್ಣ ಊರುಗಳನ್ನು ಹೊಕ್ಕು, ವಾರಾಂತ್ಯಕ್ಕೆ ಮೆಲ್ಬರ್ನ್ ಮುಟ್ಟುತ್ತದೆ. ಮರುವಾರ ಅದೇ ದಾರಿಯಲ್ಲಿ ವಾಪಸ್. ಹೊತ್ತು ಮುಳುಗಿದ ಮೇಲೆ ಗಾಡಿ ಓಡಿಸುವುದಿಲ್ಲ. ಕಾಂಗರೂ ಅಡ್ಡ ಬಂದರೆ ಅದಕ್ಕೂ ಕೇಡು, ತನಗೂ ಕೇಡು ಎನ್ನುವುದು ಅವರ ಲೆಕ್ಕ.

ಗಾಡಿ ಓಡಿಸುವವರೂ ಅವರೇ. ಗಂಡ ಚನ್ನಬಸಯ್ಯ ಡ್ರಾಫ್ಟ್ಸ್‌ಮನ್ ಆಗಿ ದುಡಿದು ನಿವೃತ್ತರಾದವರು. "ನಾ ಬರೇ ಕ್ಲೀನರ್ ನೋಡ್ರಿ. ಮಾಲೀಕರೂ ಅಕಿನ, ಡ್ರೈವರೂ ಅಕಿನ," ಎಂದು ನಗುತ್ತಾರೆ. ಕ್ಯಾರವಾನ್ ರಿವರ್ಸ್ ಹೋಗುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗುವುದು ಅವರ ಪಾಲಿನ ಕೆಲಸ. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಕೇಳುವ ಆ ಕೂಗು ಆಸ್ಟ್ರೇಲಿಯಾದ ಕಾಡಿನಲ್ಲಿ ಎದ್ದಾಗ ಗಿಳಿಗಳ ಹಿಂಡು ಮರ ಬಿಟ್ಟು ಹಾರುತ್ತದೆ.

ಇದೆಲ್ಲ ಶುರುವಾಗಿದ್ದು ತೇಜಸ್ವಿನಿಯಿಂದ. ಹುಬ್ಬಳ್ಳಿಯ ಈ ಹುಡುಗಿ ಓದುವಾಗ ನೀಲಕ್ಕನ ಮನೆಯಲ್ಲೇ ರೂಮು ಮಾಡಿಕೊಂಡಿದ್ದವಳು. ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಸಿಗಬೇಕಾದರೆ ದೊಡ್ಡ ನಗರ ಬಿಟ್ಟು ದುಡಿಯಬೇಕು ಎಂದಾಗ ಈ ಊರಿನ ವೃದ್ಧಾಶ್ರಮದಲ್ಲಿ ನರ್ಸ್ ಕೆಲಸಕ್ಕೆ ಸೇರಿದಳು. ಒಂದು ದಿನ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, ರೊಟ್ಟಿ ತಿಂದು ತಿಂಗಳುಗಟ್ಟಲೆ ಆಯಿತು ಎಂದವಳೇ ಅತ್ತುಬಿಟ್ಟಳು. ಆಗ ನೀಲಕ್ಕ ಒಂದು ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು.

"ಆ ಹುಡುಗಿ ಅತ್ತಿದ್ದು ರೊಟ್ಟಿಗಲ್ರಿ. ತನ್ನನ್ನ ಕೇಳೋರು ಯಾರೂ ಇಲ್ಲ ಅಂತ ಅತ್ತಳು. ಅಲ್ಲಿ ಯಾರದೋ ಹಾಸಿಗಿ ಒಗಿಯೋದು ಬಿಟ್ಟು ಇಕಿಗಿ ರೊಟ್ಟಿ ಬಡದು ಹಾಕೂಣು ಅನ್ನಿಸ್ತು. ದುಡ್ಡಿಗಲ್ಲ ಅಂದ್ರ ಸುಳ್ಳಾಗ್ತೈತಿ, ದುಡ್ಡೂ ಬೇಕ್ರಿ. ಆದ್ರ ಬರೇ ದುಡ್ಡಿಗಲ್ಲ."

ಹಳೆಯ ಕ್ಯಾರವಾನ್ ಕೊಂಡರು, ಪರವಾನಗಿ ಮಾಡಿಸಿದರು, ಗಾಡಿ ಎಳೆಯುವುದನ್ನು ಖಾಲಿ ಮೈದಾನದಲ್ಲಿ ಕಲಿತರು. ಚಾಟ್ಸ್‌ವುಡ್‌ನಲ್ಲಿ ಆಫೀಸು ಕೆಲಸದಲ್ಲಿರುವ ಮಗಳು ಮಾಧುರಿಗೆ ಮೊದಮೊದಲು ಇದು ನುಂಗಲಾರದ ತುತ್ತು. "ಅವ್ವಾ, ಮನಿ ಮಾರ್ಟ್‌ಗೇಜ್ ಸಾಲ ಮುಗದೈತಿ, ಆರಾಮ್ ಇರು. ಆದ್ಯಾನ ನೋಡ್ಕೊಂಡ್ ಮನ್ಯಾಗ ಇದ್ರ ಸಾಲದಾ?" ಎಂದಿದ್ದಳು. ಮೊಮ್ಮಗಳ ಮೇಲೆ ನೀಲಕ್ಕನಿಗೆ ಪ್ರಾಣ. ಆದರೂ, "ಮಗೂನ್ನ ನೋಡ್ಕೊಳ್ಳಾಕ ಚೈಲ್ಡ್‌ಕೇರ್ ಐತಿ, ರೊಟ್ಟಿಗೆ ಯಾರಿದ್ದಾರ?" ಎಂದು ಕೇಳಿ ಹೊರಟೇಬಿಟ್ಟರು.

ಈಗ ದಿನಕ್ಕೆ ಇನ್ನೂರರ ಆಸುಪಾಸು ರೊಟ್ಟಿ. ಜೊತೆಗೆ ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿಪುಡಿ. ಎಸರಿನಲ್ಲಿ ಕಲಸಿದ ಹಿಟ್ಟು ಆರುವುದರೊಳಗೆ ನಾದಬೇಕು, ನಾದಿದ್ದು ಒಣಗುವುದರೊಳಗೆ ಬಡಿಯಬೇಕು. ರಾತ್ರಿಯೇ ಮಾಡಿಟ್ಟುಕೊಳ್ಳುವ ಮಾತಿಲ್ಲ. ನರ್ಸುಗಳು, ಮಾಂಸದ ಕಾರ್ಖಾನೆಯ ಹುಡುಗರು ಬೆಳಗಿನ ಪಾಳಿಗೆ ಹೋಗುವ ಮುಂಚೆ ಬಂದು ಬಿಸಿಬಿಸಿಯಾಗಿ ಕಟ್ಟಿಸಿಕೊಂಡು ಹೋಗುತ್ತಾರೆ. ಹಾಗಾಗಿ ಊರು ಏಳುವ ಮೊದಲೇ ನೀಲಕ್ಕನ ಕೈ ಬಡಿತ ಶುರುವಾಗಬೇಕು. ತಂಟೆ ಬಂದಿದ್ದೂ ಅಲ್ಲಿಂದಲೇ.

ಊರಿನ ಹೆಸರು ಬರೆಯಬೇಡಿ ಎನ್ನುತ್ತಾರೆ ನೀಲಕ್ಕ. ಜಗಳ ಪಾರ್ಕಿನವನ ಜೊತೆ, ಊರಿನ ಜೊತೆಯಲ್ಲ. ಆ ಚಳಿಗಾಲದ ಬೆಳಗ್ಗೆ ಪಕ್ಕದ ಕ್ಯಾರವಾನಿನಲ್ಲಿ ಪ್ರವಾಸಕ್ಕೆ ಬಂದ ವೃದ್ಧ ದಂಪತಿ ಮಲಗಿದ್ದರು. ಕ್ಯಾರವಾನಿನ ಗೋಡೆ ಎಷ್ಟು ತೆಳುವೆಂದರೆ ಒಳಗೆ ಕೆಮ್ಮಿದರೆ ಹೊರಗೆ ಕೇಳುತ್ತದೆ. ನಸುಕಿನಲ್ಲಿ ಪಟಪಟ ಹೊಡೆತದ ಸಪ್ಪಳ, ನಡುನಡುವೆ ಹೆಂಗಸಿನ ಏದುಸಿರು. ಹಿಂದಿನ ಸಂಜೆಯಷ್ಟೇ ಚನ್ನಬಸಯ್ಯ "ಬರ್ಲಿ, ಬರ್ಲಿ" ಎಂದು ಅಬ್ಬರಿಸಿದ್ದನ್ನೂ ಅವರು ಕಂಡಿದ್ದರು. ಗಂಡ ಹೆಂಡತಿಯನ್ನು ಬಡಿಯುತ್ತಿದ್ದಾನೆ ಎಂದುಕೊಂಡು ಪೊಲೀಸರಿಗೆ ಫೋನ್ ಮಾಡಿದರು.

ಪೊಲೀಸರು ಬಂದು ಬಾಗಿಲು ತಟ್ಟಿದಾಗ ಚನ್ನಬಸಯ್ಯ ಕಿವಿಗೆ ಮಫ್ಲರ್ ಸುತ್ತಿಕೊಂಡು ಗೊರಕೆ ಹೊಡೆಯುತ್ತಿದ್ದರು. "ನನ್ನ ಹೊರಗ ನಿಲ್ಲಿಸಿ, ನಿಮ್ಮ ಹೆಂಡ್ತಿ ಕೂಡ ಬ್ಯಾರೆ ಮಾತಾಡ್ತೀವಿ ಅಂದ್ರು. ನಾ ಮೂವತ್ತು ವರ್ಷ ಅಕಿ ಮುಂದ ದನಿ ಎತ್ತಿಲ್ರಿ!" ಎಂದು ಅವರು ಈಗಲೂ ಅಲವತ್ತುಕೊಳ್ಳುತ್ತಾರೆ. ನೀಲಕ್ಕ ಹಿಟ್ಟಿನುಂಡೆ ಹಿಡಿದು, ಪೊಲೀಸಮ್ಮನ ಎದುರೇ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದರು. ಪೊಲೀಸರು ನಕ್ಕು, ರೊಟ್ಟಿ ತಿಂದು ಹೋದರು.

ಮ್ಯಾನೇಜರ್ ಮಾತ್ರ ನಗಲಿಲ್ಲ. ಎಂಟು ಗಂಟೆಯವರೆಗೆ ಸಪ್ಪಳ ಕೂಡದು, ಇಲ್ಲವಾದರೆ ಜಾಗ ಖಾಲಿ ಮಾಡಿ ಎಂದ. ಎಂಟರ ಹೊತ್ತಿಗೆ ಪಾಳಿಯವರೆಲ್ಲ ಕೆಲಸಕ್ಕೆ ಹೋಗಿಯಾಗಿರುತ್ತದೆ, ಆಮೇಲೆ ರೊಟ್ಟಿ ಯಾರಿಗೆ? ಮಗಳು ಮರುದಿನವೇ ರೊಟ್ಟಿ ಒತ್ತುವ ಮಷಿನ್ ಕಳಿಸಿದಳು. ಕೆಲವು ವಾರ ನೀಲಕ್ಕ ಹಲ್ಲು ಕಚ್ಚಿಕೊಂಡು ಅದರಲ್ಲೇ ಒತ್ತಿದರು.

"ತೇಜಸ್ವಿನಿ ಚಲೋ ಐತಿ ಆಂಟಿ ಅಂದಳು. ಅರ್ಧಾ ತಿಂದು, ಉಳಿದಿದ್ದು ಕಾಗದದಾಗ ಸುತ್ತಿ ಚೀಲದಾಗ ಇಟ್ಕೊಂಡಳು. ನನಗ ಕಣ್ಣಿಲ್ಲೇನ್ರಿ? ಅವತ್ತ ಮಷಿನ್ ಗಾಲಿ ಹಿಂದ ಇಟ್ಟೆ, ಗಾಡಿ ಜಾರಬಾರದು ಅಂತ. ಈಗೂ ಅಲ್ಲೇ ಐತಿ, ನೋಡ್ರಿ."

ನಿಜವೇ. ಕ್ಯಾರವಾನಿನ ಬಲಗಾಲಿಯ ಹಿಂದೆ ಮಷಿನ್ ಕಲ್ಲಿನ ಬದಲು ಕೂತಿದೆ.

ಮತ್ತೆ ಕೈ ಬಡಿತ ಶುರುವಾದದ್ದೇ ಮ್ಯಾನೇಜರ್ ಅವರನ್ನು ಪಾರ್ಕಿನಿಂದ ಎಬ್ಬಿಸಿದ. ಆಮೇಲೆ ಅವರ ಕಣ್ಣು ಬಿದ್ದಿದ್ದು ಗುರುವಾರದ ದನದ ಸಂತೆಯ ಮೇಲೆ. ಇಷ್ಟೊಂದು ಹೋರಿಗಳು ಒದರುವ ಕಡೆ ಒಬ್ಬ ಹೆಂಗಸಿನ ಕೈಸಪ್ಪಳ ಯಾರಿಗೆ ಭಾರ? ಸಂತೆ ಕಾಯುವ ಮುದುಕ ಡೆಸ್ ತಲೆಯಾಡಿಸಿ ಜಾಗ ಕೊಟ್ಟ. ಹಿಟ್ಟು ಕಂಡು, ಜೋಳ ನಮ್ಮಲ್ಲಿ ದನದ ಮೇವು ಎಂದು ಚೇಷ್ಟೆ ಮಾಡಿದ. ದನಕ್ಕೆ ಗೊತ್ತಿರುವ ರುಚಿ ನಿಮಗೆ ಗೊತ್ತಿಲ್ಲವಲ್ಲ ಎಂದು ನೀಲಕ್ಕ ತಿರುಗಿಸಿ ಕೊಟ್ಟರು. ಈಗ ಡೆಸ್‌ಗೆ ಬೆಳಗಿನ ಚಹಾದ ಜೊತೆ ಎರಡು ರೊಟ್ಟಿ ಬೇಕೇ ಬೇಕು. ಲಾರಿ ಡ್ರೈವರುಗಳೂ ಸಾಲು ನಿಲ್ಲುತ್ತಾರೆ.

ಹಾಗೆಂದು ಇಲ್ಲಿ ಸುಖವೇನಿಲ್ಲ. ಕರೆಂಟಿಲ್ಲ, ಬಿಸಿನೀರಿಲ್ಲ. ಸಗಣಿಯ ವಾಸನೆ ಹಾಸಿಗೆಯವರೆಗೂ ಬರುತ್ತದೆ. ಚಳಿಗೆ ಚನ್ನಬಸಯ್ಯನ ಮಂಡಿ ಹಿಡಿದುಕೊಳ್ಳುತ್ತದೆ, ಎರಡು ಸಲ ಎದ್ದು ಕೂತರೂ ನೆಟ್ಟಗಾಗುವುದಿಲ್ಲ. ಪಾರ್ಕಿನಲ್ಲಾದರೆ ಎಲ್ಲ ಇದೆ. ಅದಕ್ಕೇ ಮ್ಯಾನೇಜರ್ ಬರುತ್ತಾನೆಂದಾಗಿನಿಂದ ಚನ್ನಬಸಯ್ಯ ಹೆಂಡತಿಯ ಮುಖವನ್ನೇ ನೋಡುತ್ತಿದ್ದಾರೆ. ಅದು ನೀಲಕ್ಕನಿಗೂ ಗೊತ್ತು. ಅವರನ್ನು ಚುಚ್ಚುತ್ತಿರುವುದೂ ಅದೊಂದೇ.

ಬಿಸಿಲು ಕಂಬಿಗಳ ಮೇಲೆ ಬೀಳುವ ಹೊತ್ತಿಗೆ ಮ್ಯಾನೇಜರ್ ಬರುತ್ತಾನೆ. ಟೋಪಿ ತೆಗೆದು ಮರ್ಯಾದೆಯಿಂದಲೇ ಮಾತಾಡುತ್ತಾನೆ. ಪಾರ್ಕಿಗೆ ಬಂದವರೆಲ್ಲ ರೊಟ್ಟಿಯ ಹೆಂಗಸು ಎಲ್ಲಿ ಎಂದು ಕೇಳುತ್ತಾರಂತೆ. ವಾಪಸ್ ಬನ್ನಿ, ಕರೆಂಟು, ನೀರು, ನೆರಳಿನ ಜಾಗ ಎಲ್ಲ ಕೊಡುತ್ತೇನೆ ಎನ್ನುತ್ತಾನೆ. ಒಂದೇ ಷರತ್ತು: ಬಡಿಯಬಾರದು, ಮಷಿನ್ ಬಳಸಬೇಕು.

ನೀಲಕ್ಕ ಗಂಡನ ಕಡೆ ನೋಡುತ್ತಾರೆ. ಚನ್ನಬಸಯ್ಯ ಮಂಡಿ ಸವರುತ್ತ ಕೂತವರು, ಕೈ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ.

"ನನ್ನ ಮಾರಿ ಯಾಕ ನೋಡ್ತಿ? ಡ್ರೈವರ್ ಹೇಳಿದ್ದ ಖರೆ. ಕ್ಲೀನರ್‌ನ ಏನ್ ಕೇಳ್ತಿ?"

ನೀಲಕ್ಕ ಹಂಚಿನ ಮೇಲಿಂದ ಉಬ್ಬಿದ ರೊಟ್ಟಿ ತೆಗೆದು, ಚಟ್ನಿಪುಡಿ ಉದುರಿಸಿ, ಮ್ಯಾನೇಜರನ ಕೈಗಿಡುತ್ತಾರೆ. "ನೋ ಸೌಂಡ್, ನೋ ರೊಟ್ಟಿ," ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅವರಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಲಿಲ್ಲ. ಅವನು ರೊಟ್ಟಿ ಹಿಡಿದುಕೊಂಡು, ಯೋಚಿಸಿ ಹೇಳುತ್ತೇನೆ ಎಂದು ಕಾರಿನತ್ತ ಹೋಗುತ್ತಾನೆ. ಕಾರು ಹತ್ತುವ ಮೊದಲೇ ಮೊದಲ ತುತ್ತು ಬಾಯಿಗೆ ಹೋಗಿದೆ.

ಕಂಬಿಯಾಚೆ ಒಂದು ಸಣ್ಣ ಕೆಂಪು ಕಾರು ಬಂದು ನಿಂತಿದೆ. ನರ್ಸ್ ಯೂನಿಫಾರ್ಮ್ ತೊಟ್ಟ ತೇಜಸ್ವಿನಿ ಎಂಜಿನ್ ಆರಿಸಿ, ಕಿಟಕಿ ಇಳಿಸಿ ಸುಮ್ಮನೆ ಕೂತಿದ್ದಾಳೆ. "ಡೈಲಿ ಲೈಫಲ್ಲಿ ನನ್ನ ಭಾಷಾ ಕೇಳಸಂಗಿಲ್ರಿ ಇಲ್ಲಿ. ಗುರುವಾರ ಈ ಸೌಂಡ್ ಕೇಳ್ತೀನಿ. ಅದನ್ನ ಕೇಳಿನ ಕಾರಿಂದ ಇಳಿಯೋದು," ಎನ್ನುತ್ತಾಳೆ.

ಹೋರಿಗಳು ಮತ್ತೆ ಒದರತೊಡಗಿವೆ. ನಿಮಗೇನು ಬೇಕು ಎಂದು ಕೇಳಿದರೆ ನೀಲಕ್ಕ ಮುಂದಿನ ಉಂಡೆಯನ್ನು ಅಂಗೈಯಲ್ಲಿ ಹೊರಳಿಸುತ್ತಾರೆ.

"ಇವರಿಗೊಂದು ಬಿಸಿನೀರಿನ ಜಾಗ ಸಿಕ್ಕರ ಸಾಕ್ರಿ, ಮಂಡಿ ಕಾಸಾಕ. ನನಗೇನ್ ಬ್ಯಾಡ. ಸಪ್ಪಳ ಮಾತ್ರ ನಿಲ್ಲಂಗಿಲ್ಲ. ಬಾಯಿ ಮುಚ್ಕೊಂಡ್ ಇದ್ರ, ಈ ಊರಾಗ ನಾವೂ ಅದೀವಿ ಅಂತ ಯಾರಿಗ್ರಿ ಗೊತ್ತಾಗೋದು?"

ಪಟ್ ಪಟ್ ಪಟ್.